ಮಕ್ತುಮಸಾಬರ ಕಪ್ಪು-ಬಸಿ

ಯಾರ ಮನೆಯಲ್ಲಿ ಚಹಾ ಕುಡಿದರೂ ಮಕ್ತುಮಸಾಬರು ಕೊನೆಗೆ ಕಪ್ಪನ್ನು ಬೋರಲು ಮಾಡಿ ಅದರ ತಳ ಓದುತ್ತಿದ್ದರು. ಉಳಿದ ಹನಿ ಪೈಜಾಮದ ಮೇಲೆ ಬಿದ್ದರೂ ಲಕ್ಷ್ಯವಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಕಪ್ಪನ್ನು ಮೂಗಿನ ಹತ್ತಿರ ತಂದು, ಅಲ್ಲಿದ್ದ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಆ ಮನುಷ್ಯ ಇಂಗ್ಲಿಷ್ ಕಲಿತದ್ದು ಹೊಲಿಗೆ ಮಷಿನ್ನಿನ ಮೈಮೇಲೆ ಮತ್ತು ಕಪ್ಪಿನ ಬುಡದಲ್ಲಿ.

ಅವರು ಹೊಲಿಗೆ ಮಷಿನ್ ರಿಪೇರಿ ಮಾಡುವವರು. ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಧಾರವಾಡಕ್ಕೆ ಬಂದು, ಹೆಗಲಿಗೆ ಹತಾರಗಳ ಚೀಲ ಹಾಕಿಕೊಂಡು ಮನೆಮನೆ ತಿರುಗುತ್ತಿದ್ದರು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. “ಎಣ್ಣಿ ಕಡಿಮಿ ಆದ್ರ ಮಷಿನ್ ಕಿರಗುಟ್ಟತೈತಿ, ಮಾತು ಕಡಿಮಿ ಆದ್ರ ಮನಿಷ್ಯಾ ಕಿರಗುಟ್ಟತಾನ” ಎನ್ನುವುದು ಅವರ ಸಮಜಾಯಿಷಿ. ನಾನು ಚಿಕ್ಕವಳಿದ್ದಾಗ ನನ್ನನ್ನು ಬೇಬಿ ಎಂದು ಕರೆದವರು, ನಾನು ಕಾಲೇಜಿನ ಗ್ರಂಥಪಾಲಕಿಯಾಗಿ, ತಲೆ ನರೆತ ಮೇಲೂ ಬೇಬಿ ಎಂದೇ ಕರೆಯುತ್ತಿದ್ದರು. ನನಗೆ ಅವರು ಮಕ್ತುಮ ಕಾಕಾ.

ಇಂಗ್ಲೆಂಡಿನ ಹಳೆಯ ಕಪ್ಪು-ಬಸಿಗಳಲ್ಲಿ ಛಾಪಿಸಿದ ಹೂವು ಯಾವುದು, ಕೈಯಿಂದ ಬರೆದದ್ದು ಯಾವುದು ಎಂದು ಗುರುತಿಸುವುದನ್ನು ನನಗೆ ಹೇಳಿಕೊಟ್ಟವರು ಅವರೇ. “ಛಾಪಾ ಹೂವು ಎಲ್ಲಾ ಅವಳಿ-ಜವಳಿ. ಕೈಲೆ ತಗದ ಹೂವು ಅಕ್ಕತಂಗೇರ ಇದ್ದಂಗ. ಹೋಲತಾವು, ಆದ್ರ ಒಂದರ ಮಾರಿ ಒಂದಕ್ಕಿಲ್ಲ ನೋಡ್ರಿ.” ಕೆಲವು ಕಪ್ಪುಗಳ ತಳದಲ್ಲಿ ಕುಂಚದಿಂದ ಇಟ್ಟ ಒಂದು ಕೆಂಪು ಚುಕ್ಕೆ ಇರುತ್ತಿತ್ತು. ಅದು ಬಣ್ಣ ಹಚ್ಚಿದವರ ಗುರುತಂತೆ. “ಪಾಪ, ಹೆಸರ ಬರ್ಯಾಕ ಬಿಟ್ಟಿಲ್ಲ ಆಕಿಗೆ, ಚುಕ್ಕಿ ಇಟ್ಟ ಹೋಗ್ಯಾಳ” ಎನ್ನುತ್ತಿದ್ದರು. ಬರೆದವಳು ಹೆಂಗಸೇ ಎಂದು ಅವರಿಗೆ ಹೇಗೋ ಖಾತ್ರಿಯಾಗಿತ್ತು.

ಅವರ ಹಳೆಯ ಕಪ್ಪುಗಳ ಸಂಗ್ರಹ ಸುರುವಾದದ್ದು ನಮ್ಮ ಮನೆಯಿಂದ. ಯಾವನೋ ರೈಲ್ವೆ ಸಾಹೇಬ ಊರು ಬಿಡುವಾಗ ಸಾಮಾನು ಲಿಲಾವು ಕೂಗಿದಾಗ ನನ್ನ ಅಜ್ಜ ಆರು ಕಪ್ಪು-ಬಸಿ ಕೊಂಡು ತಂದಿದ್ದ. ನೀಲಿ ಹೂವು, ಬಂಗಾರದ ಅಂಚು. ಆದರೆ ಆ ಪಿಂಗಾಣಿಯಲ್ಲಿ ಎಲುಬಿನ ಪುಡಿ ಕಲಸಿರುತ್ತಾರೆ ಎಂದು ಯಾರೋ ಅಜ್ಜಿಯ ಕಿವಿಗೆ ಹಾಕಿದರು. ಅವು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಒಡೆದು ಒಡೆದು ಉಳಿದ ಒಂದು ಜೋಡಿ ಅಂಗಳದಲ್ಲಿ, ಚಪ್ಪಲಿ ಬಿಡುವ ಗೂಡಿನ ಮೇಲೆ ಕೂತಿತು. ಮಕ್ತುಮ ಕಾಕಾ ಬಂದಾಗ ತಾವೇ ಅದನ್ನು ಇಳಿಸಿಕೊಳ್ಳುತ್ತಿದ್ದರು. ಅಜ್ಜಿ ಮೇಲಿಂದ ಚಹಾ ಸುರಿಯುತ್ತಿದ್ದಳು. ಕುಡಿದು, ನಳದ ಕೆಳಗೆ ತೊಳೆದು, ತಾವೇ ಮತ್ತೆ ಮೇಲಿಡುತ್ತಿದ್ದರು. ಒಳಗೆ ನಾವು ಸೊಟ್ಟಾದ ಸ್ಟೀಲಿನ ಲೋಟದಲ್ಲಿ ಕುಡಿಯುತ್ತಿದ್ದೆವು. ಇದನ್ನೆಲ್ಲ ನಾನು ನೂರು ಸಲ ನೋಡಿದ್ದೇನೆ. ಒಮ್ಮೆಯೂ ಏನೂ ಅನ್ನಿಸಿರಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಅವ್ವ, “ಅದನ್ನ ನೀವ ಒಯ್ರಿ ಮಕ್ತುಮಸಾಬ, ನಾವ್ಯಾರೂ ಮುಟ್ಟಂಗಿಲ್ಲ” ಎಂದಳು. ಅವರು ಟವೆಲ್ಲಿನಲ್ಲಿ ಸುತ್ತಿಕೊಂಡು ಒಯ್ದರು. ಆಮೇಲೆ ಬೇರೆ ಮನೆಗಳಲ್ಲೂ ಕೇಳತೊಡಗಿದರು. ಕಾಗದದ ಕಪ್ಪು ಬಂದ ಕಾಲ, ಎಲ್ಲರೂ ಸಂತೋಷದಿಂದಲೇ ಕೊಟ್ಟರು.

ಒಮ್ಮೆ ಮುಂಬಯಿಯಿಂದ ನಾನು ಅವರಿಗಾಗಿ ಒಂದು ಜೋಡಿ ಹುಡುಕಿ ತಂದೆ. ಗುಲಾಬಿ ಬರೆದದ್ದು, ಅಪ್ಪಟ ಕೈಕೆಲಸ. ತಿರುಗಿಸಿ ತಿರುಗಿಸಿ ನೋಡಿ, ಮೆಚ್ಚಿ, ಮರಳಿ ನನ್ನ ಕೈಗಿಟ್ಟರು. “ಭಾಳ ಛಲೋ ಐತಿ ಬೇಬಿ. ಆದ್ರ ಇದರಾಗ ನಾ ಚಹಾ ಕುಡದಿಲ್ಲಲ್ರಿ.” ನಾನು ನಕ್ಕೆ. ಹವ್ಯಾಸಿಗಳಿಗೆ ಒಂದೊಂದು ಹುಚ್ಚು ಎಂದುಕೊಂಡೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನಲ್ಲಿ ಹಳೆಯ ಗೃಹವಸ್ತುಗಳ ಪ್ರದರ್ಶನ ಇಟ್ಟೆವು. ನಿಮ್ಮ ಕಪ್ಪುಗಳನ್ನು ತನ್ನಿ ಎಂದು ನಾನೇ ದುಂಬಾಲು ಬಿದ್ದೆ. ಹಿಂದಿನ ದಿನ ಗ್ರಂಥಾಲಯದಲ್ಲಿ ಕುಳಿತು ಒಂದೊಂದಕ್ಕೂ ಚೀಟಿ ಬರೆಯಲು ಸುರು ಮಾಡಿದೆವು. ಅವರು ಹೇಳುವುದು, ನಾನು ಬರೆಯುವುದು.

“ಇದು ವಕೀಲರ ಮನಿದು. ಬಚ್ಚಲ ಕಿಡಕ್ಯಾಗ ಇಡತಿದ್ರು ಅಂತ ಬರೀರಿ. ಇದು ಮಾಸ್ತರ ಮನಿದು. ಸಂಡಾಸದ ಗ್ವಾಡಿ ಮ್ಯಾಲ. ಇದು ಡಾಕ್ಟರದು. ಹಿತ್ತಲದಾಗ, ತೆಂಗಿನ ಗಿಡದ ಬುಡಕ.”

ದನಿಯಲ್ಲಿ ಸಿಟ್ಟಿರಲಿಲ್ಲ. ಮಷಿನ್ನಿನ ಭಾಗಗಳ ಹೆಸರು ಹೇಳಿದ ಹಾಗೆ ಹೇಳುತ್ತ ಹೋದರು. ಐದನೆಯ ಚೀಟಿ ಬರೆದು, ಹಿಂದಿನ ನಾಲ್ಕನ್ನೂ ಮತ್ತೆ ಓದಿದೆ. ಅವರು ಕೂಡಿಸಿದ್ದು ಏನನ್ನು ಎಂದು ಆಗ ತಿಳಿಯಿತು. ನೀಲಿ ಹೂವಿನ ಕಪ್ಪು ಬಂತು. ಅವರು ನನ್ನ ಮುಖ ನೋಡಿದರು.

“ಕಾಕಾ, ನಮ್ಮನಿ ಹೆಸರ ಬ್ಯಾಡ. ಧಾರವಾಡದ ಒಂದ ಮನಿ ಅಂತ ಬರಿತೀನಿ. ನಾಳೆ ಅವ್ವ ನೋಡಾಕ ಬರತಾಳ, ವಯಸ್ಸಾಗೇತಿ.”

“ವಕೀಲರ ಮನ್ಯಾಗೂ ವಯಸ್ಸಾದವ್ರ ಅದಾರ, ಬೇಬಿ. ಅವರದ ಬರದ್ರಲ್ಲ.”

ನಾನು ಪೆನ್ನಿನ ಟೊಪ್ಪಿಗೆ ಹಾಕುತ್ತ ತೆಗೆಯುತ್ತ ಕುಳಿತೆ. ಕೊನೆಗೆ ಅವರೇ ಚೀಟಿಗಳನ್ನೆಲ್ಲ ಒಟ್ಟು ಮಾಡಿ ಕಿಸೆಗೆ ಹಾಕಿಕೊಂಡರು. “ಯಾರ ಹೆಸರೂ ಬ್ಯಾಡ ಬಿಡ್ರಿ. ಮಂದಿ ಹೂವು ಅಷ್ಟ ನೋಡ್ಲಿ.”

ಮರುದಿನ ಮಂದಿ ಹೂವಷ್ಟೇ ನೋಡಿದರು. ಅತಿಥಿಯಾಗಿ ಬಂದವರು, ಇಷ್ಟೊಂದು ಕಪ್ಪುಗಳನ್ನು ಎಲ್ಲಿಂದ ತಂದಿರಿ ಎಂದು ಕೇಳಿದರು. “ದೊಡ್ಡ ದೊಡ್ಡ ಮನಿತನದವ್ರು, ಪ್ರೀತಿಲೆ ಕೊಟ್ಟಾರ್ರಿ” ಎಂದರು ಮಕ್ತುಮ ಕಾಕಾ. ನಾನು ಪಕ್ಕದಲ್ಲೇ ನಿಂತಿದ್ದೆ. ಅವ್ವ ನೀಲಿ ಹೂವಿನ ಕಪ್ಪನ್ನು ಗೆಳತಿಯರಿಗೆ ತೋರಿಸಿ, “ಇದು ನಮ್ಮನಿದು, ನಾನ ಕೊಟ್ಟಿದ್ದೆ” ಎಂದು ಹೆಮ್ಮೆಪಟ್ಟಳು. ಮಕ್ತುಮ ಕಾಕಾ ಕೈಮುಗಿದು “ಹೌದ್ರಿ ಅವ್ವಾರ” ಎಂದರು. ನನಗೆ ಭೂಮಿ ಬಾಯಿ ತೆರೆದರೆ ಸಾಕು ಅನ್ನಿಸಿತು.

ಆಮೇಲೆ ಅವರು ಧಾರವಾಡಕ್ಕೆ ಬರುವುದು ನಿಂತಿತು. ಫೋನ್ ಮಾಡಿದರೆ ಕಣ್ಣು ಮಂಜಾಗಿದೆ ಎನ್ನುತ್ತಿದ್ದರು. ಕಾಯಿಲೆ ಜೋರಾಗಿದೆ ಎಂದು ತಿಳಿದಾಗ ಒಂದು ಚೀಟಿ ಬರೆದೆ. ನಮ್ಮ ಮನೆತನದ ಹೆಸರು, ಅಜ್ಜನ ಹೆಸರು, ಚಪ್ಪಲಿ ಗೂಡು, ಎಲ್ಲ ಬರೆದೆ. ಪರ್ಸಿನಲ್ಲಿಟ್ಟುಕೊಂಡು ಹುಬ್ಬಳ್ಳಿಯ ಗಬ್ಬೂರಿನಲ್ಲಿದ್ದ ಅವರ ಮನೆಗೆ ಹೋದೆ.

ಮಂಚದ ಮೇಲೆ ಮಲಗಿದ್ದರು. ಎದುರಿಗೆ ಗಾಜಿನ ಕಪಾಟು. ಸೊಸೆ ಕಪ್ಪುಗಳ ಧೂಳು ಒರೆಸುತ್ತಿದ್ದಳು. “ಮಾಸ್ತರ ಮನಿ ಕಪ್ಪಿನ ಕಿವಿ ಸೀಳೈತಿ, ಹಗೂರಕ” ಎಂದು ಮಲಗಿದಲ್ಲಿಂದಲೇ ಎಚ್ಚರಿಸಿದರು.

ಅವಳು ಒಳಗೆ ಹೋದ ಮೇಲೆ ಹೇಳಿದೆ: “ಕಾಕಾ, ನಮ್ಮನಿ ಕಪ್ಪಿನ ಚೀಟಿ ತಂದೇನಿ. ಹೆಸರ ಹಾಕಿ ಬರದೇನಿ.”

ಅವರು ಕಣ್ಣು ಕಿರಿದು ಮಾಡಿ ಕಪಾಟಿನತ್ತ ನೋಡಿದರು. ಆಮೇಲೆ, “ಯಾವ ಕಪ್ಪು ಯಾವ ಮನಿದು ಅನ್ನೂದು ಈಗ ನೆನಪಿಲ್ಲ ಬೇಬಿ. ಎಲ್ಲಾ ಕೂಡಿ ಹೋಗ್ಯಾವು” ಎಂದರು.

ಸುಳ್ಳು ಎಂದು ನನಗೆ ಗೊತ್ತಿತ್ತು. ನೀಲಿ ಹೂವಿನ ಕಪ್ಪು ಎರಡನೆಯ ಸಾಲಿನಲ್ಲಿ, ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಎದ್ದು ಚೀಟಿಯನ್ನು ಅದರ ಮುಂದೆ ಇಟ್ಟಿದ್ದರೆ ಮುಗಿಯುತ್ತಿತ್ತು. ಇಡಲಿಲ್ಲ. ಖರೆ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಔಷಧದ ಬಗ್ಗೆ, ಊಟದ ಬಗ್ಗೆ ಕೇಳಿ ಎದ್ದು ಬಂದೆ.

ಎಂಟು ದಿನಕ್ಕೆ ಅವರು ತೀರಿಕೊಂಡರು. ಸುದ್ದಿ ಹೇಳಿದಾಗ ಅವ್ವ ಕಣ್ಣೊರೆಸಿಕೊಂಡಳು. “ಬಂಗಾರದಂಥಾ ಮನಿಷ್ಯಾ. ನಮ್ಮನಿ ಚಹಾ ಅಂದ್ರ ಜೀವಾ ಬಿಡತಿದ್ರು, ಹೌದಿಲ್ಲೋ?”

ಹೌದು ಎಂದೆ.