ಮಂಗಳೂರಿನಲ್ಲಿ ಮರಾಠಿ

ಸಮುದ್ರ ನೋಡಬೇಕೆಂಬ ಆಸೆ ನನಗೆ ಇರಲಿಲ್ಲ. ನಮ್ಮ ಸಾಹೇಬರ ಜೊತೆ ನೋಡುವ ಆಸೆಯಂತೂ ಸುತರಾಂ ಇರಲಿಲ್ಲ. ಬ್ಯಾಂಕಿನ ತರಬೇತಿಗೆಂದು ಮೂವರು ಮಂಗಳೂರಿಗೆ ಹೋಗಿದ್ದೆವು. ಸಂಭಾಜಿನಗರದ ಪ್ರಾದೇಶಿಕ ಕಚೇರಿಯಿಂದ ಸಾಹೇಬರು, ನಾಶಿಕ್ ಶಾಖೆಯಿಂದ ನಾನು ಮತ್ತು ನನ್ನ ಕೈಕೆಳಗೆ ಕೆಲಸ ಮಾಡುವ, ಚಾಂದವಡ್ ತವರಿನ ಹುಡುಗಿ. ಹುಡುಗಿ ಎನ್ನುವುದು ನನ್ನ ಬಾಯಿಚಾಳಿ, ಅವಳಿಗೆ ಶಾಲೆಗೆ ಹೋಗುವ ಮಗಳಿದ್ದಾಳೆ. ತರಬೇತಿ ಮಧ್ಯಾಹ್ನಕ್ಕೇ ಮುಗಿಯಿತು, ರೈಲು ಮರುದಿನಕ್ಕಿತ್ತು. ಕಾಲು ಚಾಚಿ ಮಲಗೋಣವೆಂದರೆ ಸಾಹೇಬರು ಬಾಡಿಗೆ ಕಾರು ಕರೆಸಿ, "ಬರ್ರಿ, ಊರು ನೋಡೋಣು" ಎಂದರು. ಮೇಲಧಿಕಾರಿಯ ಮೋಜು ನಮಗೆ ಡ್ಯೂಟಿ. ಹೊರಟೆವು.

ಹುಡುಗಿ ಹೊರಟದ್ದಕ್ಕೆ ಅವಳದೇ ಕಾರಣವಿತ್ತು. ಗಂಡ, ಅತ್ತೆ, ಮಗಳು ಎಲ್ಲರೂ ಸಟಾಣಾದಲ್ಲಿ, ಅವಳೊಬ್ಬಳು ನಾಶಿಕ್‌ನ ಬಾಡಿಗೆ ಕೋಣೆಯಲ್ಲಿ. ವಾರದ ಕೊನೆಗೆ ಬಸ್ಸು ಹತ್ತಿ ಹೋಗಿ ಸೋಮವಾರ ಬೆಳಿಗ್ಗೆ ಕಣ್ಣು ಊದಿಸಿಕೊಂಡು ಕೌಂಟರಿಗೆ ಬರುತ್ತಿದ್ದಳು. ಈಗ ಸಟಾಣಾ ಶಾಖೆಗೆ ಮ್ಯಾನೇಜರ್ ಬೇಕಾಗಿತ್ತು. ಮುಂದಿನ ತಿಂಗಳು ಸಂದರ್ಶನ, ಕೊನೆಯ ಮಾತು ಸಾಹೇಬರದು. ಅದು ಸಿಕ್ಕರೆ ದಿನಾ ಮಗಳ ಜಡೆ ತಾನೇ ಹಾಕಬಹುದು ಎಂದು ರೈಲಿನಲ್ಲಿ ನನಗೆ ಹೇಳಿದ್ದಳು. ಹಾಗಾಗಿ ಮಂಗಳೂರಿನ ಬೀದಿಯಲ್ಲಿ ಅವಳು ಸಾಹೇಬರ ನೀರಿನ ಬಾಟಲಿ ಹಿಡಿದುಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದಳು. ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಾಹೇಬರು ಧಾರವಾಡದ ಕಡೆಯವರು, ನಾನು ಬಾಗಲಕೋಟೆಯವಳು. ಮಹಾರಾಷ್ಟ್ರಕ್ಕೆ ವರ್ಗವಾಗಿ ಬಂದ ನಮ್ಮಂಥವರಿಗೆ ಕನ್ನಡ ಒಂದು ಪರದೆ. ಸಂತೆಯಲ್ಲಿ ಗಂಡನಿಗೆ "ತುಟ್ಟಿ ಹೇಳಾಕತ್ತಾನ, ನಡೀರಿ" ಎನ್ನುವುದಕ್ಕೆ ನಾವೆಲ್ಲ ಅದನ್ನು ಬಳಸುತ್ತೇವೆ. ಸಾಹೇಬರು ಅದರ ಮರೆಯಲ್ಲಿ ನಿಂತು ಉಗುಳುತ್ತಿದ್ದರು. ತಪಾಸಣೆಗೆಂದು ನಮ್ಮ ಶಾಖೆಗೆ ಬಂದಾಗಲೆಲ್ಲ, ಸಾಲ ಕೇಳಲು ಬಂದ ರೈತನ ಕಡೆ ನಗುಮುಖ ಮಾಡಿಕೊಂಡೇ ಕನ್ನಡದಲ್ಲಿ ನನಗೆ, "ಈ ಮಗನ ಮೋತಿ ನೋಡ್ರಿ, ಕಳ್ಳನ ಕಳೀನ ಐತಿ" ಎನ್ನುವರು. ತನ್ನ ಬಗ್ಗೆ ಏನೋ ಒಳ್ಳೆಯದು ಹೇಳಿದರೆಂದು ಆ ರೈತನೂ ನಗುವನು. ನಾನು ಬೇಕೆಂತಲೇ ಹಿಂದಿಯಲ್ಲಿ ಉತ್ತರಿಸುತ್ತಿದ್ದೆ. ಸಾಹೇಬರ ಚರ್ಮಕ್ಕೆ ಅದು ತಾಗುತ್ತಿರಲಿಲ್ಲ.

ಈ ಹುಡುಗಿಯ ಎದುರಿಗೇ, ಅವಳು ತಂದಿಟ್ಟ ಚಹಾ ಕುಡಿಯುತ್ತ, ಹಿಂದಿನ ವಾರ ಹೇಳಿದ್ದರು: "ಉಳ್ಳಾಗಡ್ಡಿ ಮಾರೋ ಮಂದಿ ರೀ ಇವರು. ಈಕೀನ್ನ ಕುರ್ಚಿ ಮ್ಯಾಲೆ ಕೂಡಿಸಿದ್ರ ಬ್ಯಾಂಕು ಸಂತಿ ಆಗ್ತದ." ಸಟಾಣಾ ಶಾಖೆಗೆ ಬರುವವರೆಲ್ಲ ಅವಳ ತವರಿನವರ ಹಾಗೆ ಉಳ್ಳಾಗಡ್ಡಿ, ದಾಳಿಂಬೆ ಬೆಳೆಯುವವರು. ಅವರ ಕಷ್ಟಸುಖ ಬಲ್ಲವಳನ್ನು ಬಿಟ್ಟು ಇನ್ನಾರನ್ನು ಅಲ್ಲಿ ಕೂಡಿಸಬೇಕಿತ್ತೋ!

ಕಾರು ಹತ್ತುವಾಗ ಸಾಹೇಬರು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ಇಲ್ಲಿ ಕನ್ನಡ ಬ್ಯಾಡ್ರಿ ಮೇಡಂ, ಎಲ್ಲಾರಿಗೂ ತಿಳೀತದ. ಮರಾಠಿ ಒಳಗ ಮಾತಾಡೋಣು." ತಮ್ಮ ಜಾಣತನಕ್ಕೆ ತಾವೇ ಹಿಗ್ಗಿ ಹೀರೇಕಾಯಿಯಾಗಿದ್ದರು.

ಶುರುವಾಯಿತು. ಚಾಲಕ ತನ್ನ ಪಾಡಿಗೆ "ಮೊದಲು ಲೈಟ್‌ಹೌಸ್ ನೋಡುವಾ, ಅಲ್ಲಿಂದ ಬೀಚಿಗೆ ಹೋಗುವಾ ಸಾರ್" ಎಂದ. ಸಾಹೇಬರು ಅವನಿಗೆ ತಲೆಯಾಡಿಸಿ, ಇತ್ತ ಮರಾಠಿಯಲ್ಲಿ ಅವನ ಅಂಗಿಯ ವಾಸನೆಯ ಬಗ್ಗೆ ಮಾತಾಡಿದರು. ಗೋಳಿಬಜೆ ತಂದುಕೊಟ್ಟ ಹೋಟೆಲಿನ ಹೆಂಗಸಿಗೆ ಕನ್ನಡದಲ್ಲಿ "ಭಾಳ ಚಲೋ ಆಗ್ಯಾವು" ಎಂದು ಹೇಳಿ, ಮರಾಠಿಯಲ್ಲಿ ಅವಳ ಮೈಬಣ್ಣ ಆಡಿಕೊಂಡರು. ದೇವಸ್ಥಾನದಲ್ಲಿ ಅರ್ಚಕರನ್ನೂ ಬಿಡಲಿಲ್ಲ. ಪ್ರತಿ ಸಲವೂ ಹುಡುಗಿಯತ್ತ ತಿರುಗಿ, ಅವಳೂ ನಗಲೆಂದು ಕಾಯುತ್ತಿದ್ದರು. ಮೊದಮೊದಲು ಅವಳು ನಕ್ಕಳು, ಆಮೇಲೆ ತುಟಿಯನ್ನಷ್ಟೇ ಅಗಲಿಸಿದಳು. ದೇವಸ್ಥಾನದಿಂದ ಹೊರಬರುವ ಹೊತ್ತಿಗೆ ಅದೂ ನಿಂತಿತ್ತು.

ಬೀಚಿನಲ್ಲಿ ಜನ ಕಿಕ್ಕಿರಿದಿದ್ದರು. ಸಾಹೇಬರು ಪ್ಯಾಂಟು ಮಡಚಿ ನೀರಿಗಿಳಿದರು. ನಾವಿಬ್ಬರು ಚುರುಮುರಿ ಮಾರುವವನ ಪಕ್ಕ ನಿಂತೆವು. ಹುಡುಗಿ ಸಮುದ್ರ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಮರಾಠಿಯಲ್ಲಿ ಕೇಳಿದಳು.

"ಮೇಡಂ, ನಾಶಿಕ್‌ನಲ್ಲಿ ಇವರು ಕನ್ನಡದಲ್ಲಿ ನಿಮಗೆ ಹೇಳುವುದೂ ಇಂಥದೇ ಏನು?"

"ಇಂಥದೇ" ಎಂದೆ.

"ನನ್ನ ಬಗ್ಗೆಯೂ?"

ಸಂದರ್ಶನ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಅವಳು ಇನ್ನೂ ಆ ಬಾಟಲಿ ಹಿಡಿದುಕೊಂಡೇ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಉಳ್ಳಾಗಡ್ಡಿಯ ಮಾತನ್ನು ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದೆ. ಅವಳು ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. "ಅದನ್ನೇ ಕನ್ನಡದಲ್ಲಿ ಹೇಳಿಕೊಡಿ" ಎಂದಳು. ಹೇಳಿಕೊಟ್ಟೆ. ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿದಳು.

ಸಾಹೇಬರು ಒದ್ದೆ ಕಾಲಲ್ಲಿ ಬಂದು ನೀರಿಗೆ ಕೈ ಚಾಚಿದರು. ಅವಳು ಬಾಟಲಿ ಕೊಡಲಿಲ್ಲ. ಕೌಂಟರಿನಲ್ಲಿ ಟೋಕನ್ ಕೂಗುವ ಅದೇ ದನಿಯಲ್ಲಿ ಹೇಳಿದಳು: "ಉಳ್ಳಾಗಡ್ಡಿ ಮಾರೋ ಮಂದಿ ರೀ ಇವರು. ಈಕೀನ್ನ ಕುರ್ಚಿ ಮ್ಯಾಲೆ ಕೂಡಿಸಿದ್ರ ಬ್ಯಾಂಕು ಸಂತಿ ಆಗ್ತದ."

ಅಲ್ಲಿದ್ದ ಅಷ್ಟೂ ಜನಕ್ಕೆ ಕನ್ನಡ ಬರುತ್ತಿತ್ತು. ಚುರುಮುರಿಯವನ ಕೈ ನಿಂತಿತು. ಪಕ್ಕದಲ್ಲಿ ಚಾಪೆ ಹಾಸಿ ಕುಳಿತಿದ್ದ ಸಂಸಾರವೊಂದು ಇಡಿಯಾಗಿ ನಮ್ಮತ್ತ ತಿರುಗಿತು. ಸಾಹೇಬರ ಮುಖ ಹುಳ್ಳಗಾಯಿತು. ಗಾಬರಿಯಲ್ಲಿ ಅವರೂ ಕನ್ನಡದಲ್ಲೇ ತೊದಲಿದರು. "ತಮಾಷಿಗೆ ಅಂದಿದ್ನಿರಿ..."

ಹುಡುಗಿ ನನ್ನತ್ತ ತಿರುಗಿದಳು. "ಏನಂದರು?"

"ತಮಾಷೆಯಂತೆ."

"ಸರಿ" ಎಂದು ಅವಳು ಬಾಟಲಿಯನ್ನು ಮರಳಿನ ಮೇಲೆ ಇಟ್ಟು ಕಾರಿನ ಕಡೆ ನಡೆದಳು. ನಾನು ಅವಳ ಹಿಂದೆ ಹೋದೆ. ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಗಿತ್ತು.

ತೃಪ್ತಿ ಹೆಚ್ಚು ದಿನ ಉಳಿಯಲಿಲ್ಲ. ಸಂಭಾಜಿನಗರದ ಸಂದರ್ಶನದಲ್ಲಿ ಸಾಹೇಬರು ಅವಳಿಗೆ ಒಂದೇ ಪ್ರಶ್ನೆ ಕೇಳಿದರಂತೆ, ಊಟ ಆಯಿತೇ ಎಂದು. ಸಟಾಣಾ ಶಾಖೆ ಬೇರೆಯವರ ಪಾಲಾಯಿತು. ನಾನು ಮೇಲಿನವರಿಗೆ ಬರೆಯುತ್ತೇನೆಂದು ಹಾರಾಡಿದೆ, ಅವಳು ಬೇಡವೆಂದಳು.

"ಅವರು ಆ ಹುದ್ದೆ ಕೊಟ್ಟಿದ್ದರೆ ಜನ್ಮವಿಡೀ ಅವರಿಗೆ ಕೈಮುಗಿಯಬೇಕಾಗಿತ್ತು ಮೇಡಂ" ಎಂದು ಹೇಳಿ ಬ್ಯಾಗು ಹೆಗಲಿಗೇರಿಸಿದಳು. ಅಂದು ಶನಿವಾರ, ಸಟಾಣಾ ಬಸ್ಸಿಗೆ ಹೊತ್ತಾಗಿತ್ತು.

ಬಸ್‌ಸ್ಟ್ಯಾಂಡಿಗೆ ನಾನೇ ಸ್ಕೂಟರಿನಲ್ಲಿ ಬಿಟ್ಟೆ. ಬಸ್ಸು ಹತ್ತುವ ಮೊದಲು ಮಗಳಿಗೆ ಫೋನ್ ಮಾಡಿದಳು. ಇನ್ನು ಮೇಲೆ ದಿನಾ ಅಮ್ಮನೇ ಜಡೆ ಹಾಕುತ್ತಾಳೆಂದು ಅಜ್ಜಿ ಮೊದಲೇ ಹೇಳಿಬಿಟ್ಟಿದ್ದರಂತೆ. ಆ ಮಗು ಅದನ್ನೇ ಕೇಳುತ್ತಿತ್ತು, ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ನಾಳೆ ಹಾಕುತ್ತೇನೆ" ಎಂದಷ್ಟೇ ಮರಾಠಿಯಲ್ಲಿ ಹೇಳಿ ಅವಳು ಬಸ್ಸು ಹತ್ತಿದಳು.