ಭುಜದ ಮೇಲೆ ಉಳಿದ ಕೈ

ಜೀನ್ಸ್ ಬಟ್ಟೆಯ ನೀಲಿ ಒಮ್ಮೆ ಉಗುರಿನ ಸಂದಿಗೆ ಇಳಿಯಿತೆಂದರೆ ಹುಣಸೆಹಣ್ಣಿಗೂ ಬಿಡುವುದಿಲ್ಲ. ಶುಕ್ರವಾರ ಅರಿಶಿನ ಹಚ್ಚಿಕೊಂಡರೆ ನನ್ನ ಬೆರಳು ಹಸಿರಾಗುತ್ತಿದ್ದವು. ತವರಿನಲ್ಲಿ, ಮಡಕಶಿರದ ಕಡೆ, ಹಿಪ್ಪುನೇರಳೆ ಸೊಪ್ಪು ಬಿಡಿಸಿಕೊಂಡಿದ್ದ ಕೈ ಅದು. ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೇಲೆ ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು, ಕಾರ್ಖಾನೆಯವರು ಕತ್ತರಿಸಿ ಕಳಿಸಿದ ಪ್ಯಾಂಟುಗಳಿಗೆ ಜೇಬು ಕೂರಿಸತೊಡಗಿದೆ. ಕಣ್ಣು ಚೆನ್ನಾಗಿತ್ತು, ಕರೆಂಟು ಇರುತ್ತಿತ್ತು, ಒಲೆಯ ಮೇಲಿನ ಸಾರು ನೋಡಿಕೊಂಡೇ ಕೆಲಸ ಸಾಗುತ್ತಿತ್ತು. ದೇವರು ಅಷ್ಟು ಅನುಕೂಲ ಮಾಡಿಕೊಟ್ಟಿದ್ದ.

ಪಕ್ಕದ ಮನೆಯ ಅಕ್ಕ ತನ್ನ ಮಷೀನನ್ನೂ ನಮ್ಮ ಪಡಸಾಲೆಗೇ ತಂದು ಹಾಕಿಕೊಂಡಿದ್ದಳು. ಒಬ್ಬಳೇ ಕೂತರೆ ಹೊಲಿಗೆ ಸೊಟ್ಟಗಾಗುತ್ತದೆ ಎನ್ನುವುದು ಅವಳ ನೆಪ.

ನನಗೆ ಫೋನಿನಲ್ಲೂ ಒಬ್ಬ ಅಕ್ಕ ಇದ್ದರು. ಸಂಜೆಯ ಧಾರಾವಾಹಿಯೊಂದರ ನಾಯಕಿಯನ್ನು ಮೆಚ್ಚಿದ ಹೆಂಗಸರ ವಾಟ್ಸಾಪ್ ಗ್ರೂಪಿನಲ್ಲಿ ಸಿಕ್ಕವರು. ಬಳ್ಳಾರಿಯ ಈ ಅಕ್ಕನೇ ಅದನ್ನು ನಡೆಸುತ್ತಿದ್ದರು. ಮಧ್ಯಾಹ್ನ ನನಗೊಬ್ಬಳಿಗೇ ಫೋನ್ ಮಾಡಿ, "ತಂಗೀ, ಊಟ ಮಾಡಿದೆಯಾ?" ಎಂದು ಶುರು ಮಾಡಿದರೆ ನಾಯಕಿಯ ಅತ್ತೆಯಿಂದ ಹಿಡಿದು ಅವರ ಸ್ವಂತ ಅತ್ತೆಯವರೆಗೆ ಮಾತಾಡುತ್ತಿದ್ದೆವು. ಕಥೆಯಲ್ಲಿ ನಾಯಕಿಗೆ ಅಪಘಾತವಾದಾಗ ಗ್ರೂಪಿನವರೆಲ್ಲ ತುಪ್ಪದ ದೀಪ ಹಚ್ಚಿದೆವು.

"ಅಕಿ ಸತ್ರ ಸೀರಿಯಲ್ ಹೆಂಗ ನಡೀತೈತಬೇ?" ಎಂದಳು ಪಕ್ಕದ ಮನೆಯ ಅಕ್ಕ. "ಸಾಯಂಗಿಲ್ಲ ಬಿಡು, ತುಪ್ಪ ಉಳಿಸು." ಆಮೇಲೆ ಮಷೀನು ನಿಲ್ಲಿಸಿ, "ನಾ ಮೊಣಕೈಗೆ ತಾಗಂಗ ಕುಂತೀನಿ. ನೀ ಕಿವ್ಯಾಗ ವೈರ್ ಹಾಕ್ಕೊಂಡು ಮುಖ ನೋಡದಾಕಿ ಜತಿ ನಗ್ತೀ," ಎಂದಳು.

"ಅವ್ರೂ ಅಕ್ಕನೇ, ನೀನೂ ಅಕ್ಕನೇ ಕಣಕ್ಕ," ಎಂದೆ. ಸುಮ್ಮನೆ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ನನಗೆ ಗರ್ಭಕೋಶದ ಆಪರೇಷನ್ ಆದಾಗ ಇವಳು ದಿನವೂ ಗಂಜಿ ಕಾಯಿಸಿ ತಂದಳು. ಅವರು ನನ್ನ ಹೆಸರಿನಲ್ಲಿ ಮಂಗಳವಾರ ಒಪ್ಪತ್ತು ಇದ್ದರು. ಇಬ್ಬರನ್ನೂ ದೇವರೇ ಕಳಿಸಿದ್ದು ಎಂದು ಕೈಮುಗಿದಿದ್ದೆ.

ಬಳ್ಳಾರಿಯ ಸೀರೆ ಅಂಗಡಿಯೊಂದರ ಪ್ರಾರಂಭಕ್ಕೆ ಆ ನಾಯಕಿ ಬರುವ ಸುದ್ದಿ ಬಂತು. ಗ್ರೂಪಿನವರೆಲ್ಲ ಗಿಳಿಹಸಿರು ಸೀರೆ ಉಟ್ಟು ಸೇರುವುದೆಂದಾಯಿತು. ನನಗೆ ನಾಯಕಿಗಿಂತ ಫೋನಿನ ಅಕ್ಕನನ್ನು ನೋಡುವ ಆಸೆ. ಆದರೆ ಹೊಲಿಗೆ ಅರ್ಧಕ್ಕಿತ್ತು. ಪಕ್ಕದ ಮನೆಯ ಅಕ್ಕ ನನ್ನ ಗಂಟನ್ನು ತನ್ನ ಕಡೆಗೆ ಎಳೆದುಕೊಂಡು, "ಹೋಗಿ ಬಾರಬೇ. ನಿನ್ನ ಜೇಬು ನಾ ಕೂಡಿಸ್ತೀನಿ," ಎಂದಳು. ನಿಂಬೆಹೋಳಿನಿಂದ ನನ್ನ ಉಗುರು ತಿಕ್ಕಿದವಳೂ ಅವಳೇ.

ಅಂಗಡಿಯ ಮುಂದೆ ಹಸಿರು ಸೀರೆಗಳ ನಡುವೆ ದನಿಯಿಂದಲೇ ಅವರನ್ನು ಗುರುತಿಸಿದೆ. ಹತ್ತಿರ ಹೋಗಿ, "ಅಕ್ಕಾ, ನಾನು, ರಾಯದುರ್ಗದ ತಂಗಿ," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓ, ನೀವೇನಾ," ಎಂದರು.

ಎರಡು ವರ್ಷ ನನ್ನನ್ನು 'ನೀನು' ಎಂದಿದ್ದ ಬಾಯಿ. ಜನರ ಮುಂದೆ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡೆ. ಫೋಟೋಗೆ ನಿಂತಾಗ ಸಾಲಿನ ಕೊನೆಯಲ್ಲಿ ಅವರ ಪಕ್ಕವೇ ಜಾಗ ಸಿಕ್ಕಿತು. ಭುಜದ ಮೇಲೆ ಕೈಯಿಟ್ಟೆ. ಅವರ ಕಣ್ಣು ನನ್ನ ಉಗುರಿಗೆ ಹೋಯಿತು.

"ಸೀರೆಗೆ ಹತ್ತುತ್ತೇನ್ರೀ ಇದು?"

"ಇಲ್ಲಕ್ಕ. ತೊಳೆದ್ರೆ ಹೋಗಲ್ಲ, ಇನ್ನೊಬ್ರಿಗೆ ಹತ್ತೋದೂ ಇಲ್ಲ," ಎಂದು ನಕ್ಕೆ. ಅವರು ನಗಲಿಲ್ಲ.

ನಾಯಕಿ ಕಾರಿನಿಂದಿಳಿದು, ಕೈಬೀಸಿ, ಒಳಗೆ ಹೋದಳು. ನಾನು ಬಸ್ಸು ಹತ್ತಿದೆ.

ಊರು ಸೇರುವಷ್ಟರಲ್ಲಿ ಫೋಟೋ ಗ್ರೂಪಿಗೆ ಬಂದಿತ್ತು. ಮೇಲೆ 'ನಮ್ಮ ಇಡೀ ಕುಟುಂಬ' ಎಂದು ಬರೆದಿತ್ತು. ಅದರಲ್ಲಿ ನಾನಿರಲಿಲ್ಲ. ಅಂಚನ್ನು ಕತ್ತರಿಸಿದ್ದರು. ಆದರೆ ಅಕ್ಕನ ಭುಜದ ಮೇಲೆ ನಾಲ್ಕು ಬೆರಳು ಉಳಿದುಬಿಟ್ಟಿದ್ದವು.

ಕೆಳಗೆ ಯಾರೋ ಆ ಕೈ ಯಾರದೆಂದು ಕೇಳಿದ್ದರು. ಅಕ್ಕ ಉತ್ತರ ಕೊಟ್ಟಿದ್ದರು: 'ಅಂಗಡಿ ಕೆಲಸದವರು ಯಾರೋ, ಮಧ್ಯೆ ಬಂದುಬಿಟ್ರು.'

ಪಡಸಾಲೆಯಲ್ಲಿ ಪಕ್ಕದ ಮನೆಯ ಅಕ್ಕ ನನ್ನ ಕೊನೆಯ ಪ್ಯಾಂಟಿಗೆ ಜೇಬು ಕೂರಿಸುತ್ತಿದ್ದಳು. ಫೋನು ಇಸಿದುಕೊಂಡು ನೋಡಿದವಳೇ, "ಇದು ನಿನ್ನ ಕೈ ಅಲ್ಲೇನಬೇ? ಉಳಿದ ನೀ ಎಲ್ಲಿ?" ಎಂದಳು. ಆಂಧ್ರದ ಗಡಿಯ ಊರು ನಮ್ಮದು, ಅವಳು ಓದಿದ್ದು ತೆಲುಗು ಶಾಲೆಯಲ್ಲಿ. ಕನ್ನಡ ಅಕ್ಷರ ಬಾರದು. ಬರೆದದ್ದನ್ನು ನಾನೇ ಓದಿ ಹೇಳಬೇಕಾಯಿತು.

ಅವಳು ಹಲ್ಲಿನಿಂದ ದಾರ ಹರಿದಳು. "ಹಂಗಾರ ಅಂಗಡಿಯವ್ರು ಒಂದು ಸೀರಿನಾದ್ರೂ ಕೊಡಬೇಕಿತ್ತಲ್ಲ," ಎಂದಳು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅವಳು ಎದ್ದು ಹೋಗಿ ಅನ್ನಕ್ಕೆ ಎಸರಿಟ್ಟಳು.

ಮರುದಿನ ಮಧ್ಯಾಹ್ನ ಅದೇ ಹೊತ್ತಿಗೆ ಫೋನ್ ಬಂತು. "ತಂಗೀ, ಊಟ ಮಾಡಿದೆಯಾ?" ಮತ್ತೆ 'ನೀನು'. ದನಿಯಲ್ಲಿ ಸಕ್ಕರೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

"ಆ ಕೈ ನಂದು ಅಂತ ಗ್ರೂಪಲ್ಲಿ ಹೇಳಿ ಅಕ್ಕ," ಎಂದೆ. "ಅಷ್ಟು ಸಾಕು."

"ಅಯ್ಯೋ, ಅದನ್ನ ಮನಸಿಗೆ ಹಚ್ಕೊಂಡ್ಯಾ? ಎಲ್ಲರೂ ದೊಡ್ಡ ಮನೆಯವರು, ಏನೇನೋ ಕೇಳ್ತಾರೆ. ನಾವಿಬ್ರು ಹೀಗೇ ಮಾತಾಡ್ಕೊಂಡು ಚೆನ್ನಾಗಿರೋಣ."

ನಾನು ಫೋನಿಟ್ಟೆ. ಗ್ರೂಪಿನಲ್ಲಿ 'ಆ ಕೈ ನನ್ನದು' ಎಂದು ಬರೆದೆ. ಅದರ ಕೆಳಗೆ ಒಬ್ಬರು ವೆಂಕಟರಮಣನ ಚಿತ್ರ ಹಾಕಿದರು, ಅದಕ್ಕೆ ಎಲ್ಲರೂ ಕೈಮುಗಿದರು. ನಾನೂ ಮುಗಿದೆ, ಅದು ದೇವರಿಗೆ. ಮುಗಿದು ಗ್ರೂಪಿನಿಂದ ಹೊರಗೆ ಬಂದೆ.

ಅವರ ಮಂಗಳವಾರದ ಒಪ್ಪತ್ತು ಸುಳ್ಳಾಗಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಸುಳ್ಳಾಗಿದ್ದರೆ ಮರೆಯುವುದು ಸುಲಭವಿತ್ತು. ನನಗಾಗಿ ಹಸಿದುಕೊಂಡಿದ್ದವರೇ ನನ್ನನ್ನು ಕತ್ತರಿಸಿದ್ದು.

ಆ ಶುಕ್ರವಾರ ಪಕ್ಕದ ಮನೆಯ ಅಕ್ಕ ಅರಿಶಿನ ಕುಂಕುಮಕ್ಕೆ ಬಂದಳು. ನಾನು ಅವಳ ಕೆನ್ನೆಗೆ ಅರಿಶಿನ ಹಚ್ಚಿದೆ, ಅವಳು ನನಗೆ ಹಚ್ಚಿದಳು. ಅವಳ ಬೆರಳೂ ನನ್ನವುಗಳಷ್ಟೇ ಹಸಿರಾಗಿದ್ದವು. ಮಧ್ಯಾಹ್ನ ಕಿವಿ ಖಾಲಿಯಾಗಿತ್ತು. ಫೋನಿನ ಕಡೆ ಕಣ್ಣು ಹೋಗುತ್ತಲೇ ಇತ್ತು. ಅವಳು ಅದನ್ನು ಕಂಡಳು.

"ನಿನ್ನ ಆ ಸೀರಿಯಲ್ಲಿನಾಕಿ ಎದ್ದು ಕುಂತಳೇನು?" ಎಂದಷ್ಟೇ ಕೇಳಿದಳು. ನಾನು ಜೇಬು ಕೂರಿಸುತ್ತಲೇ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ.