ಪಿಯಾನೊ ಪಕ್ಕದ ಗಂಟಲಮ್ಮ

ಆ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು ಏಳೆಂಟು ಜನ ಇದ್ದರು. ಆದರೆ ಗಂಟಲು ಅಂತ ಇದ್ದದ್ದು ಒಬ್ಬಳಿಗೇ. ಅವಳು ಎಲೆಕೋಸಿನ ರಾಶಿಯ ಮುಂದೆ ನಿಂತು ಬಾಯಿ ತೆರೆದಳೆಂದರೆ ಆಲೂಗಡ್ಡೆ ಸಾಲಿನವರು ತಮ್ಮ ವ್ಯಾಪಾರ ನಿಲ್ಲಿಸಿ ಕಾಯಬೇಕಿತ್ತು. ಅವರ ಮಾತು ಅವರಿಗೇ ಕೇಳಿಸದ ಮೇಲೆ ಇನ್ನೇನು ಮಾಡಿಯಾರು, ಪಾಪ! ಮಂಡಿಯವರು ಅವಳಿಗೆ ಗಂಟಲಮ್ಮ ಅಂತ ಹೆಸರಿಟ್ಟರು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ನಿಮಗಿಲ್ಲ, ನನಗಿದೆ. ಹೊಟ್ಟೆ ಉರ್ಕೊಳ್ಳಿ" ಅಂದುಬಿಟ್ಟಳು.

ಇಂಥ ಗಂಟಲಮ್ಮ ತುಟಿ ಹೊಲಿದುಕೊಂಡು ಕೂರುತ್ತಿದ್ದ ಜಾಗ ಇಡೀ ಭೂಮಿಯ ಮೇಲೆ ಒಂದೇ ಒಂದು. ಅದು ಪಿಯಾನೊದ ಎಡಪಕ್ಕದ ಕುರ್ಚಿ. ಪಿಯಾನೊ ನುಡಿಸುತ್ತಿದ್ದವಳು ಅವಳ ತಂಗಿಯ ಮಗಳು. ತಂಗಿ ತೀರಿಕೊಂಡಾಗ ಆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಸಾಕಿದವಳು ಇವಳೇ. ಯಾವುದೋ ಡಾನ್ಸ್ ಶಾಲೆ ಬಾಗಿಲು ಹಾಕಿದಾಗ ಅಲ್ಲಿನ ಹಳೇ ಪಿಯಾನೊವನ್ನು ಈರುಳ್ಳಿ ಲಾರಿಗೆ ಹೇರಿಸಿಕೊಂಡು ಮನೆಗೆ ತಂದವಳೂ ಇವಳೇ. ಪಿಯಾನೊ ಎಷ್ಟೋ ತಿಂಗಳು ಈರುಳ್ಳಿ ನಾತ ಹೊಡೆಯುತ್ತಿತ್ತು. ಪಾಠ ಹೇಳಲು ಬರುತ್ತಿದ್ದ ಟೀಚರು ಮೂಗಿಗೆ ಕರವಸ್ತ್ರ ಹಿಡಿದೇ ಪಾಠ ಮುಗಿಸಿ ಹೋಗುತ್ತಿದ್ದರು.

ಗಂಟಲಮ್ಮನಿಗೆ ಸಂಗೀತದ ಪುಸ್ತಕ ಓದಲು ಬರುತ್ತಿರಲಿಲ್ಲ. ಅದರೊಳಗಿನ ಕರಿ ಚುಕ್ಕೆಗಳು ಅವಳ ಕಣ್ಣಿಗೆ ನೆಲಕ್ಕೆ ಚೆಲ್ಲಿದ ಸಾಸಿವೆ ಅಷ್ಟೇ. ಆದರೆ ಹಾಳೆ ಮಗುಚುವುದರಲ್ಲಿ ಅವಳ ಕೈ ಪಳಗಿತ್ತು. ಹುಡುಗಿ ಗದ್ದವನ್ನು ಒಂಚೂರು ಕೆಳಗಿಳಿಸಿದರೆ ಸಾಕು, ಇವಳು ಎದ್ದು, ಎಡಗೈಯಲ್ಲಿ ಹಾಳೆಯ ಮೇಲ್ಮೂಲೆ ಹಿಡಿದು, ಸದ್ದಿಲ್ಲದೆ ಮಗುಚಿ, ಹಾಗೇ ಕೂತುಬಿಡುವಳು. ಹುಡುಗಿ ಬೆಳೆದು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ನುಡಿಸುವ ಹೊತ್ತಿಗೆ ಮುಕ್ಕಾಲುಪಾಲು ಬಾಯಿಪಾಠವೇ ಆಗಿತ್ತು. ಆದರೂ ಪುಸ್ತಕ ಮುಂದಿರಬೇಕು, ದೊಡ್ಡಮ್ಮ ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ಅವಳಿಗೆ ಸರಿಹೋಗುತ್ತಿರಲಿಲ್ಲ.

ಹೀಗಿರುವಾಗ ರೆಕಾರ್ಡ್ ಕಂಪನಿಯೊಂದು ಹುಡುಗಿಯನ್ನು ಕರೆಯಿತು. ರೊಮ್ಯಾಂಟಿಕ್ ಕಾಲದ ಪಿಯಾನೊ ಸಂಗೀತ, ಒಂದಿಡೀ ರೆಕಾರ್ಡು, ಮುಖಪುಟದ ಮೇಲೆ ಇವಳದೇ ಫೋಟೊ.

"ರೊಮ್ಯಾಂಟಿಕ್ ಅಂದ್ರೆ ಏನೇ? ಬರೀ ಲವ್ವಾ?" ಅಂತ ಗಂಟಲಮ್ಮ ಕೇಳಿದಳು.

"ಲವ್ವೂ ಇದೆ ದೊಡ್ಡಮ್ಮ. ಅಳು ಇದೆ, ಸಿಟ್ಟಿದೆ, ಹೋದೋರ ನೆನಪಿದೆ. ಮನಸ್ಸಲ್ಲಿ ಇದ್ದಿದ್ದನ್ನ ಮುಚ್ಚಿಡದೆ ಹೇಳ್ಕೊಳ್ಳೋದು."

"ಹಾಗಾದ್ರೆ ನಮ್ಮಂಥೋರೇ ಬಿಡು!"

ಮಾರನೇ ದಿನ ಮಂಡಿಯಲ್ಲಿ ಕೋಸಿನ ಬೆಲೆಗಿಂತ ಮೊದಲು ಈ ಸುದ್ದಿ ಹರಾಜಾಯಿತು. ಗಂಟಲಮ್ಮನ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ. ತಾನೂ ಆ ಪಿಯಾನೊದ ಪಕ್ಕದಲ್ಲೇ ಇರುತ್ತೇನೆ, ತನ್ನ ಕೈಯೇ ಹಾಳೆ ಮಗುಚುವುದು ಅಂತ ಹೇಳಿದವರಿಗೇ ಹತ್ತು ಸಲ ಹೇಳಿದಳು.

ರೆಕಾರ್ಡಿಂಗ್ ಕೋಣೆಯ ಗೋಡೆಗಳಿಗೆಲ್ಲ ದಪ್ಪ ಬಟ್ಟೆ ಹೊದಿಸಿದ್ದರು. ಒಳಗೆ ಹೆಜ್ಜೆ ಇಟ್ಟರೆ ಕಿವಿಗೆ ಹತ್ತಿ ತುರುಕಿದ ಹಾಗೆ. ಅಲ್ಲಿನ ಎಂಜಿನಿಯರು ಗಂಟಲಮ್ಮನನ್ನು ಮೇಲಿಂದ ಕೆಳಗೆ ನೋಡಿದ. ಬಳೆ ತೆಗೆಸಿದ, ಚಪ್ಪಲಿ ಹೊರಗೆ ಬಿಡಿಸಿದ.

"ಅಮ್ಮ, ಇಲ್ಲಿ ಸೂಜಿ ಬಿದ್ರೂ ಮೈಕಿಗೆ ಕೇಳ್ಸುತ್ತೆ."

"ಸೂಜಿ ಯಾಕಪ್ಪಾ ಬೀಳುತ್ತೆ? ನಾನೇನು ಹೊಲಿಯೋಕೆ ಬಂದಿದೀನಾ?" ಅಂದಳು. ಅಷ್ಟು ಮಾತಿಗೇ ಅವನ ಸದ್ದು ಅಳೆಯುವ ಮೆಷಿನ್ನಿನ ಮುಳ್ಳು ಕೊನೆಯವರೆಗೆ ಹೋಗಿ ಬಂತು. ಅವನು ಹಣೆ ಒರೆಸಿಕೊಂಡ.

ಮೊದಲು ನುಡಿಸಿದ್ದು ತುಂಬ ನಿಧಾನದ, ಮೆಲುದನಿಯ ಒಂದು ಕೃತಿ. ಮುಗಿದ ಮೇಲೆ ಎಲ್ಲರೂ ಗಾಜಿನ ಆಚೆಯ ಕೋಣೆಗೆ ಬಂದು ಕೇಳಿದರು. ಚೆನ್ನಾಗಿತ್ತು, ತುಂಬ ಚೆನ್ನಾಗಿತ್ತು. ಆದರೆ ರಾಗ ಮೇಲಕ್ಕೆ ಏರುವ ಜಾಗಗಳಲ್ಲೆಲ್ಲ ಅದಕ್ಕೆ ಸ್ವಲ್ಪ ಮುಂಚೆ ಯಾರೋ 'ಹಾ' ಅಂತ ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಎಂಜಿನಿಯರು ಗಂಟಲಮ್ಮನ ಕಡೆ ತಿರುಗಿದ. ಅವನ ಸಹಾಯಕಿಯೂ ತಿರುಗಿದಳು.

"ನಂದೇ ಇರ್ಬೇಕು ಕಣಪ್ಪಾ. ಇನ್ಯಾರದ್ದು?" ಅಂತ ಗಂಟಲಮ್ಮ ತಾನೇ ಒಪ್ಪಿಕೊಂಡಳು.

ಎರಡನೇ ಸಲ ಬಾಯಿಗೆ ಸೆರಗು ಒತ್ತಿ ಹಿಡಿದು ಕೂತಳು. ಮುಖ ಬೀಟ್‌ರೂಟಿನಷ್ಟು ಕೆಂಪಾಯಿತು. ಏನು ಪ್ರಯೋಜನ? ಕೇಳಿ ನೋಡಿದರೆ ಉಸಿರು ಅಲ್ಲೇ ಇತ್ತು.

ಎಂಜಿನಿಯರು ಕೆಟ್ಟವನೇನಲ್ಲ. ಮಾತನ್ನು ಹಿಂದೆ ಮುಂದೆ ಎಳೆದು, ಕೊನೆಗೆ, "ಅಮ್ಮ, ತಪ್ಪು ತಿಳ್ಕೋಬೇಡಿ. ನೀವು ಸ್ವಲ್ಪ ಹೊತ್ತು ಹೊರಗೆ ಕೂತ್ರೆ…" ಅಂದ.

"ದೊಡ್ಡಮ್ಮ ಇಲ್ದೆ ನಾನು ನುಡಿಸಲ್ಲ" ಅಂದಳು ಹುಡುಗಿ.

"ಸುಮ್ನಿರೇ! ದೊಡ್ಡದಾಗಿ ಹೇಳೋಕೆ ಬಂದ್ಲು. ನನ್ನಿಂದ ನಿನ್ನ ರೆಕಾರ್ಡ್ ಕೆಟ್ಟೋಯ್ತು ಅಂತ ಆಗ್ಬಾರ್ದು. ಬಾಯಿಪಾಠ ಬರುತ್ತಲ್ಲ, ನುಡಿಸು." ಹೀಗಂದು ಗಂಟಲಮ್ಮ ಹಿಂತಿರುಗಿ ನೋಡದೆ ಹೊರಗೆ ನಡೆದಳು.

ಹೊರಗಿನ ಓಣಿಯಲ್ಲಿ ನೀರಿನ ಫಿಲ್ಟರ್ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರಲ್ಲಿ ಕುಸಿದು ಕೂತಳು. ಹುಟ್ಟಿದಾಗಿನಿಂದ ಜನ ಅವಳಿಗೆ ಹೇಳುತ್ತ ಬಂದದ್ದು ಒಂದೇ, ಮೆಲ್ಲಗೆ, ಮೆಲ್ಲಗೆ. ಅವಳು ಯಾರ ಮಾತಿಗೂ ಸೊಪ್ಪು ಹಾಕಿರಲಿಲ್ಲ. ಆದರೆ ಈವತ್ತು ನಾಚಿಕೆಯಿಂದ ಹಿಡಿಯಷ್ಟಾಗಿ ಹೋಗಿದ್ದಳು. ಗಂಟಲು ಬಿಡು, ಬರೀ ಉಸಿರು ಕೂಡ ಆ ಮಗುವಿನ ಕೆಲಸಕ್ಕೆ ಅಡ್ಡ ಬಂತಲ್ಲ! ಇನ್ನುಮುಂದೆ ಸಭಾಂಗಣದಲ್ಲೂ ತಾನು ಪಕ್ಕದಲ್ಲಿ ಕೂರಬಾರದು ಅಂತ ಅಲ್ಲೇ ತೀರ್ಮಾನ ಮಾಡಿಕೊಂಡಳು. ಮಂಡಿಯವರಿಗೆ ಏನು ಸುಳ್ಳು ಹೇಳುವುದು ಅನ್ನುವುದೊಂದು ಮಾತ್ರ ಹೊಳೆಯಲಿಲ್ಲ.

ಬಾಗಿಲು ತೆರೆಯಿತು. ಬಂದವನು ಎಂಜಿನಿಯರೇ. "ಅಮ್ಮ, ಒಂಚೂರು ಒಳಗೆ ಬನ್ನಿ" ಅಂದ. ಅವನ ಮುಖ ಸಪ್ಪಗಿತ್ತು.

ಗಾಜಿನ ಕೋಣೆಯಲ್ಲಿ ಆಗತಾನೇ ನುಡಿಸಿದ್ದನ್ನು ಹಾಕಿದ. ರಾಗ ಮೇಲಕ್ಕೆ ಹೊರಟಿತು. ಉಸಿರು ಬಂತು. ಅದೇ ಉಸಿರು.

"ನೀವು ಒಳಗೇ ಇರ್ಲಿಲ್ಲ. ಕ್ಷಮಿಸಿ ಅಮ್ಮ" ಅಂದ.

ಹುಡುಗಿಯ ಕಿವಿಯವರೆಗೂ ಕೆಂಪೇರಿತ್ತು. "ಅದು ನಂದು ದೊಡ್ಡಮ್ಮ. ನುಡಿಸ್ತಾ ಉಸಿರು ಎಳ್ಕೋತೀನಿ ಅಂತ ನನಗೇ ಗೊತ್ತಿರ್ಲಿಲ್ಲ. ನಿನ್ನ ಸುಮ್ಸುಮ್ನೆ ಹೊರಗೆ ಕೂರಿಸಿಬಿಟ್ವಿ."

"ತಲೆ ಕೆಡಿಸ್ಕೋಬೇಡಿ" ಅಂದ ಎಂಜಿನಿಯರು. "ಕಂಪ್ಯೂಟರಲ್ಲಿ ಒಂದೊಂದೇ ಉಸಿರು ಹುಡುಕಿ ತೆಗೆದುಹಾಕ್ತೀನಿ. ಬರೀ ಪಿಯಾನೊ ಉಳಿಯುತ್ತೆ."

"ತೆಗೆದುಬಿಡಿ" ಅಂದಳು ಹುಡುಗಿ, ತಲೆ ತಗ್ಗಿಸಿ.

"ತೆಗೀಬೇಡ!"

ಮಂಡಿಯ ಗಂಟಲು ಅದು. ಸಹಾಯಕಿ ಕೂತಲ್ಲೇ ಬೆಚ್ಚಿಬಿದ್ದಳು, ಗಾಜು ಸಹ ಗುಂಯ್ ಅಂದಿತು.

"ಇವಳಿಗೆ ಚಿಕ್ಕಂದಿನಲ್ಲಿ ಉಬ್ಬಸ ಕಣಪ್ಪಾ. ಒಳಗೆ ಹೋದ ಉಸಿರು ಹೊರಗೆ ಬರುತ್ತೋ ಇಲ್ವೋ ಅಂತ ಇವಳ ಎದೆ ಮೇಲೆ ಕಿವಿ ಇಟ್ಕೊಂಡು ಕೂತಿರ್ತಿದ್ದೆ. ಇವಳಮ್ಮನೂ ಅದರಲ್ಲೇ ಹೋದ್ಲು. ಇವಳದ್ದು ಒಂದೊಂದು ಉಸಿರನ್ನೂ ಕೈ ಹಿಡಿದು ಎಳ್ಕೊಂಡು ಬಂದಿದೀನಿ. ಅದನ್ನ ನೀನು ಹುಡುಕಿ ಹುಡುಕಿ ಅಳಿಸ್ತೀಯಾ?"

ಹುಡುಗಿಗೆ ಉಬ್ಬಸದ ನೆನಪಿತ್ತು, ಎದೆ ಮೇಲಿನ ಕಿವಿಯ ನೆನಪಿರಲಿಲ್ಲ. ಅವಳು ಕಣ್ಣು ಒರೆಸಿಕೊಂಡಳು. "ಇರ್ಲಿ ಬಿಡಿ. ಒಂದೂ ತೆಗೀಬೇಡಿ" ಅಂದಳು. ಆಮೇಲೆ ದೊಡ್ಡಮ್ಮನ ರಟ್ಟೆ ಹಿಡಿದು ಪಿಯಾನೊ ಕೋಣೆಗೆ ಎಳೆದುಕೊಂಡು ಹೋದಳು. "ಮೊದಲಿಂದ ನುಡಿಸ್ತೀನಿ. ನೀನು ಕೂತ್ಕೋ."

ಆ ಸಲದ್ದೇ ರೆಕಾರ್ಡಿಗೆ ಹೋಯಿತು. ಅದು ಹೇಗೆ ಬಂತು ಅಂತ ಕೇಳಿದರೆ ಎಂಜಿನಿಯರು ಈಗಲೂ ಅದನ್ನೇ ಹಾಕಿ ಕೇಳಿಸುತ್ತಾನೆ.

ರೆಕಾರ್ಡು ಹೊರಬಂದ ದಿನ ಗಂಟಲಮ್ಮ ಹಟ ಹಿಡಿದು ಅದನ್ನು ಮಂಡಿಯ ಧ್ವನಿವರ್ಧಕದಲ್ಲಿ ಹಾಕಿಸಿದಳು. ಹರಾಜು ತಡವಾಯಿತು ಅಂತ ಟೊಮೇಟೊ ವ್ಯಾಪಾರಿ ಗೊಣಗಿದ. ಅವಳು ಅವನನ್ನು ಒಂದೇ ನೋಟಕ್ಕೆ ತಣ್ಣಗೆ ಮಾಡಿದಳು. ಕೈಗಾಡಿಯವರು ಗಾಡಿ ನಿಲ್ಲಿಸಿದರು, ಮೂಟೆ ಹೊರುವವರು ಮೂಟೆ ಇಳಿಸಿ ಅದರ ಮೇಲೇ ಕೂತರು. ಪಿಯಾನೊ ಶುರುವಾಯಿತು. ರಾಗ ಮೇಲೇರಲು ಹೊರಟಾಗ ಅವಳು ಎಲ್ಲರಿಗೂ ಕೈ ಎತ್ತಿ ತೋರಿಸಿದಳು, ತಡೀರಿ, ಈಗ ಬರುತ್ತೆ ಅಂತ. ಉಸಿರು ಬಂತು.

"ಕೇಳಿಸ್ತಾ?" ಅಂದಳು ಗಂಟಲಮ್ಮ, ಇಡೀ ಮಂಡಿಗೆ ಕೇಳಿಸುವ ಹಾಗೆ. "ಉಸಿರಾಡ್ತಿದಾಳೆ ನೋಡ್ರೋ ನನ್ನ ಮಗಳು!"